ಬೆವರು ಆರುವ ಮುನ್ನ: ಮೇ ದಿನದ ಇತಿಹಾಸವೂ ನಮ್ಮ ಹೊಣೆಯೂ

ಮೇ ತಿಂಗಳ ಮೊದಲ ಜುಮಾದಂದು, ಖುತ್ಬಾಕ್ಕೆ ಮುಂಚಿನ ಕನ್ನಡ ಭಾಷಣದಲ್ಲಿ ನಾವು ದುಡಿಮೆಯ ವಿಷಯ ಎತ್ತಿಕೊಂಡಿದ್ದೆವು. ನಮಾಝ್ ಮುಗಿದು ಹೊರಗೆ ಬರುವಾಗ ಜಮಾಅತಿನ ಹಿರಿಯರೊಬ್ಬರು ಸಲಾಮ್ ಹೇಳಿ ಕೈ ಹಿಡಿದುಕೊಂಡರು. "ಉಸ್ತಾದರೇ, ಮೇ ಒಂದು ಅಂದ್ರೆ ಕೆಂಬಾವುಟದವರ ದಿನ ಅಲ್ವಾ? ನಮಗೆ ಎರಡು ಪೆರ್ನಾಲ್ ಉಂಟಲ್ಲ, ಇನ್ನು ಇದೊಂದು ಯಾಕೆ?" ಎಂದು ಕೇಳಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ನಿಜವಾದ ಸಂಶಯವಿತ್ತು. ಅಂದು ಮೆಟ್ಟಿಲ ಮೇಲೆ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿದೆವು. ಆ ಉತ್ತರ ನಮಗೇ ಸಾಲದೆನಿಸಿತು. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಲ್ಲಾಹನು ನಮಗೆ ಕೊಟ್ಟ ಹಬ್ಬಗಳು ಎರಡೇ. ಮೂರನೆಯದನ್ನು ಸೇರಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮೇ ಒಂದು ಆರಾಧನೆಯ ದಿನವಲ್ಲ. ಕೆಲಸ ಮಾಡುವವನಿಗೂ ಮಾಡಿಸುವವನಿಗೂ ನಡುವೆ ಇರುವ ಹಕ್ಕುಬಾಧ್ಯತೆಯನ್ನು ಜನರು ನೆನಪಿಸಿಕೊಳ್ಳುವ ದಿನ. ನಮ್ಮ ರಾಜ್ಯದಲ್ಲಿ ಅಂದು ಸರಕಾರಿ ರಜೆಯಿದೆ. ಮಕ್ಕಳು ಶಾಲೆಯಲ್ಲಿ ಅದರ ಬಗ್ಗೆ ಓದುತ್ತಾರೆ. ಅವರು ಮನೆಗೆ ಬಂದು, ಈ ವಿಷಯದಲ್ಲಿ ನಮ್ಮ ದೀನ್ ಏನು ಹೇಳುತ್ತದೆ ಎಂದು ಕೇಳಿದರೆ ತಂದೆತಾಯಿಯ ಬಳಿ ಉತ್ತರ ಇರಬೇಕಲ್ಲವೇ?

ಚಿಕಾಗೋದಲ್ಲಿ ನಡೆದದ್ದು

ಮೇ ದಿನದ ಕಥೆ ಅಮೆರಿಕದ ಚಿಕಾಗೋ ನಗರದಿಂದ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, 12 ಗಂಟೆ, ಕೆಲವೆಡೆ ಅದಕ್ಕೂ ಹೆಚ್ಚು ದುಡಿಸುತ್ತಿದ್ದರು. ಬೆಳಗಾಗುವ ಮೊದಲು ಮನೆ ಬಿಟ್ಟ ತಂದೆ ಮಕ್ಕಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. 1884ರಲ್ಲಿ ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟವು ಚಿಕಾಗೋದಲ್ಲಿ ಸಭೆ ಸೇರಿ, 1886ರ ಮೇ 1ರಿಂದ ದಿನಕ್ಕೆ 8 ಗಂಟೆಯ ಕೆಲಸವೇ ನಿಯಮವಾಗಬೇಕು ಎಂದು ತೀರ್ಮಾನಿಸಿತು. ಆ ದಿನ ಬಂದಾಗ ಅಮೆರಿಕದಾದ್ಯಂತ ಸುಮಾರು 3 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು.

ಮೇ 3ರಂದು ಚಿಕಾಗೋದ ಮೆಕಾರ್ಮಿಕ್ ಕೃಷಿಯಂತ್ರ ಕಾರ್ಖಾನೆಯ ಬಳಿ ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ಅದನ್ನು ಖಂಡಿಸಲು ಮರುದಿನ ಸಂಜೆ ಹೇಮಾರ್ಕೆಟ್ ಎಂಬಲ್ಲಿ ಸಭೆ ನಡೆಯಿತು. ನಗರದ ಮೇಯರ್ ಸ್ವತಃ ಬಂದು ನೋಡಿ, ಎಲ್ಲವೂ ಶಾಂತವಾಗಿದೆ ಎಂದು ಹಿಂತಿರುಗಿದ್ದರು. ಸಭೆ ಮುಗಿಯುವ ಹೊತ್ತಿಗೆ ಪೊಲೀಸರು ಜನರನ್ನು ಚದುರಿಸಲು ಬಂದರು. ಯಾರೋ ಒಬ್ಬ ಬಾಂಬ್ ಎಸೆದ. ಪೊಲೀಸರೂ ಸತ್ತರು, ನಂತರದ ಗೋಲಿಬಾರಿನಲ್ಲಿ ಸಾಮಾನ್ಯ ಜನರೂ ಸತ್ತರು. ಬಾಂಬ್ ಎಸೆದವನು ಯಾರು ಎಂಬುದು ಇಂದಿಗೂ ಪತ್ತೆಯಾಗಿಲ್ಲ. ಆದರೂ ಎಂಟು ಮಂದಿ ಕಾರ್ಮಿಕ ಮುಖಂಡರ ಮೇಲೆ ಮೊಕದ್ದಮೆ ನಡೆಯಿತು. 1887ರ ನವೆಂಬರ್ 11ರಂದು ಅವರಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಆ ನಾಲ್ವರಲ್ಲಿ ಮೂವರು ಜರ್ಮನಿಯಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವರು. 1893ರಲ್ಲಿ ಆ ರಾಜ್ಯದ ಗವರ್ನರ್ ಜಾನ್ ಆಲ್ಟ್‌ಗೆಲ್ಡ್, ಆ ವಿಚಾರಣೆಯೇ ನ್ಯಾಯಬದ್ಧವಾಗಿರಲಿಲ್ಲ ಎಂದು ಬಹಿರಂಗವಾಗಿ ಹೇಳಿ ಜೈಲಿನಲ್ಲಿ ಉಳಿದಿದ್ದ ಮೂವರನ್ನು ಬಿಡುಗಡೆ ಮಾಡಿದರು. ಗಲ್ಲಿಗೇರಿದವರು ಮಾತ್ರ ಹಿಂತಿರುಗಲಿಲ್ಲ.

1889ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಭೆಯೊಂದು ಮೇ 1ನ್ನು ಎಲ್ಲ ದೇಶಗಳ ಕಾರ್ಮಿಕರ ದಿನವನ್ನಾಗಿ ಆರಿಸಿತು. ವಿಚಿತ್ರವೆಂದರೆ, ಈ ಘಟನೆ ನಡೆದ ಅಮೆರಿಕದಲ್ಲಿ ಮಾತ್ರ ಕಾರ್ಮಿಕರ ರಜೆ ಸೆಪ್ಟೆಂಬರಿನ ಮೊದಲ ಸೋಮವಾರ. ಅದನ್ನು 1894ರಲ್ಲಿ ಕಾನೂನು ಮಾಡಿದರು. ದಿನಕ್ಕೆ 8 ಗಂಟೆ ಎಂಬ ತತ್ವವನ್ನು 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ತನ್ನ ಮೊತ್ತಮೊದಲ ಒಡಂಬಡಿಕೆಯಲ್ಲೇ ಬರೆಯಿತು.

ಭಾನುವಾರದ ರಜೆ ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ 1881ರ ಮೊದಲ ಕಾರ್ಖಾನೆ ಕಾಯ್ದೆ ಏನು ಹೇಳಿತು ಗೊತ್ತೇ? 7 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, 7ರಿಂದ 12 ವರ್ಷದ ಮಕ್ಕಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಇದು ಆ ಕಾಲದ ಸುಧಾರಣೆ. ಹಾಗಾದರೆ ಅದಕ್ಕಿಂತ ಮೊದಲು ಪರಿಸ್ಥಿತಿ ಹೇಗಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ನಮ್ಮ ಮದ್ರಸದ ಎರಡನೇ ತರಗತಿಯಲ್ಲಿ ಕೂತಿರುವ ಮಕ್ಕಳ ಮುಖವನ್ನು ಒಮ್ಮೆ ನೆನೆಸಿಕೊಂಡರೆ ಸಾಕು.

ವಾರಕ್ಕೊಂದು ರಜೆ ಎಂಬುದೂ ಆಗ ಇರಲಿಲ್ಲ. ಮುಂಬಯಿಯ ಹತ್ತಿಗಿರಣಿ ಕೆಲಸಗಾರರನ್ನು 1884ರಲ್ಲಿ ಒಟ್ಟುಗೂಡಿಸಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಆ ಬೇಡಿಕೆ ಇಟ್ಟರು. ಅವರು ಜ್ಯೋತಿಬಾ ಫುಲೆಯವರ ಒಡನಾಡಿ. ಆರು ವರ್ಷಗಳ ಹೋರಾಟದ ನಂತರ 1890ರ ಜೂನಿನಲ್ಲಿ ಗಿರಣಿ ಮಾಲಕರು ಭಾನುವಾರದ ರಜೆಗೆ ಒಪ್ಪಿದರು. ಮುಂದಿನ ವರ್ಷ ವಾರದ ರಜೆ ಕಾನೂನಿಗೂ ಬಂತು. ಇಂದು ನಾವು ಭಾನುವಾರ ಮದುವೆ, ನಿಕಾಹ್, ಸಭೆ, ಬಂಧುಗಳ ಭೇಟಿ ಎಂದು ಇಟ್ಟುಕೊಳ್ಳುತ್ತೇವಲ್ಲ, ಆ ದಿನವನ್ನು ಗಿರಣಿಯ ಕೂಲಿಗಳು ನಮಗೆ ಗಳಿಸಿಕೊಟ್ಟಿದ್ದಾರೆ.

ಕೆಲಸದ ಗಂಟೆಗಳೂ ಹಾಗೆಯೇ ಒಂದೊಂದಾಗಿ ಇಳಿದವು. 1911ರ ಕಾಯ್ದೆ ಬಟ್ಟೆಗಿರಣಿಗಳಲ್ಲಿ ಗಂಡಸರಿಗೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ಅದು 11 ಆಯಿತು, 1934ರಲ್ಲಿ 10 ಆಯಿತು. ಡಾ. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದ ಪ್ರಯತ್ನಗಳ ಫಲವಾಗಿ 1946ರಲ್ಲಿ ವಾರಕ್ಕೆ 48 ಗಂಟೆಯ ಮಿತಿ ಬಂತು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡಿತು. 12ರಿಂದ 9 ಗಂಟೆಗೆ ಇಳಿಯಲು 35 ವರ್ಷ ಬೇಕಾಯಿತು.

ಮದರಾಸಿನ ಕಡಲ ತೀರದಲ್ಲಿ

ಭಾರತದಲ್ಲಿ ಮೇ ದಿನವನ್ನು ಮೊದಲ ಬಾರಿಗೆ ಆಚರಿಸಿದ್ದು 1923ರಲ್ಲಿ, ಮದರಾಸಿನ ಕಡಲ ತೀರದಲ್ಲಿ. ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು. ಮೀನುಗಾರ ಸಮುದಾಯದಲ್ಲಿ ಹುಟ್ಟಿ ವಕೀಲರಾಗಿದ್ದ ಸಿಂಗಾರವೇಲು ಚೆಟ್ಟಿಯಾರರು ಅಂದು ಎರಡು ಸಭೆಗಳನ್ನು ಏರ್ಪಡಿಸಿದರು. ಮೇ 1 ರಜೆಯಾಗಬೇಕೆಂಬ ಬೇಡಿಕೆಯೂ ಅಲ್ಲಿಂದಲೇ ಹೊರಟಿತು.

ಕೆಂಬಾವುಟದ ಬಗ್ಗೆ ಕೇಳಿದ ಹಿರಿಯರಿಗಾಗಿ ಇನ್ನೊಂದು ಸಂಗತಿ. 1925ರ ಡಿಸೆಂಬರಿನಲ್ಲಿ ಇದೇ ಸಿಂಗಾರವೇಲು ಅವರ ಅಧ್ಯಕ್ಷತೆಯಲ್ಲಿ ಕಾನ್ಪುರದಲ್ಲಿ ಕಮ್ಯುನಿಸ್ಟರ ಸಮ್ಮೇಳನ ನಡೆದಾಗ ಅದರ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದವರು ಮೌಲಾನಾ ಹಸ್ರತ್ ಮೊಹಾನಿ. 'ಇನ್ಕಿಲಾಬ್ ಜಿಂದಾಬಾದ್' ಎಂಬ ಘೋಷಣೆಯನ್ನು ದೇಶಕ್ಕೆ ಕೊಟ್ಟವರೆಂದು ಹೆಸರಾದವರು, ಹಲವು ಬಾರಿ ಹಜ್ಜ್ ಮಾಡಿದವರು, ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರೂ ಆದವರು. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕೆಂದಿಲ್ಲ. ದೇವನನ್ನು ನಿರಾಕರಿಸುವ ಯಾವ ಸಿದ್ಧಾಂತವೂ ನಮ್ಮದಲ್ಲ. ಆದರೆ ಕೂಲಿಯವನ ಪರ ಮಾತಾಡುವುದಕ್ಕೂ ತಸ್ಬೀಹ್ ಹಿಡಿಯುವುದಕ್ಕೂ ವಿರೋಧವಿಲ್ಲ ಎಂಬುದನ್ನು ಆ ಮೌಲಾನಾ ಬದುಕಿ ತೋರಿಸಿದರು.

ಕೊಡಲಿಗೆ ಹಿಡಿ ಹಾಕಿದ ಕೈ

ಈಗ ಚಿಕಾಗೋಗಿಂತ ಹನ್ನೆರಡು ಶತಮಾನ ಹಿಂದಕ್ಕೆ, ಮದೀನಾಕ್ಕೆ ಬರೋಣ. ಅನಸ್(ರ) ಅವರ ವರದಿಯೊಂದು ಅಬೂದಾವೂದ್ ಸಂಗ್ರಹದಲ್ಲಿದೆ. ಅನ್ಸಾರಿಯೊಬ್ಬರು ಪ್ರವಾದಿ(ಸ)ರ ಬಳಿ ಸಹಾಯ ಬೇಡಿ ಬಂದರು. ಮನೆಯಲ್ಲಿ ಏನಿದೆ ಎಂದು ಪ್ರವಾದಿ(ಸ) ವಿಚಾರಿಸಿದರು. ಅರ್ಧ ಹೊದೆದು ಅರ್ಧ ಹಾಸಿಕೊಳ್ಳುವ ಒಂದು ಕಂಬಳಿ, ನೀರು ಕುಡಿಯುವ ಒಂದು ಬಟ್ಟಲು, ಇಷ್ಟೇ ಇತ್ತು. ಎರಡನ್ನೂ ತರಿಸಿ ಪ್ರವಾದಿ(ಸ) ಅಲ್ಲೇ ಹರಾಜು ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದರು. ಇನ್ನೊಬ್ಬರು ಎರಡು ಕೊಟ್ಟು ಕೊಂಡರು. ಒಂದು ದಿರ್ಹಮಿನಲ್ಲಿ ಮನೆಯವರಿಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ಕೊಂಡು ಬರುವಂತೆ ಹೇಳಿದರು. ಕೊಡಲಿ ಬಂದಾಗ ಅದಕ್ಕೆ ಹಿಡಿಯನ್ನು ತಮ್ಮ ಕೈಯಿಂದಲೇ ಹಾಕಿಕೊಟ್ಟರು. ಕಟ್ಟಿಗೆ ಕಡಿದು ಮಾರಲು ಹೇಳಿ, 15 ದಿನ ಇತ್ತ ಕಾಣಿಸಿಕೊಳ್ಳಬೇಡ ಎಂದು ಕಳಿಸಿದರು. ಹದಿನೈದು ದಿನದ ನಂತರ ಆ ಮನುಷ್ಯ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಈ ಹದೀಸನ್ನು ನಾವು ಸಾಮಾನ್ಯವಾಗಿ ಬೇಡಬಾರದು ಎಂಬ ಪಾಠಕ್ಕೆ ಬಳಸುತ್ತೇವೆ. ಅದು ಸರಿಯೇ. ಆದರೆ ಪ್ರವಾದಿ(ಸ) ಆ ಬಡವನಿಗೆ ಬರೀ ಉಪದೇಶ ಕೊಟ್ಟು ಕಳಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ಬಂಡವಾಳ ಹುಡುಕಿಕೊಟ್ಟರು, ಸಲಕರಣೆ ಸಿದ್ಧಮಾಡಿಕೊಟ್ಟರು, ಮೊದಲು ಮನೆಯ ಹಸಿವಿಗೆ ದಾರಿ ಮಾಡಿದರು. ದುಡಿಯಿರಿ ಎಂದು ಯುವಕರಿಗೆ ಹೇಳುವ ನಾವು ಎಷ್ಟು ಮಂದಿಯ ಕೊಡಲಿಗೆ ಹಿಡಿ ಹಾಕಿಕೊಟ್ಟಿದ್ದೇವೆ?

ಅವರು ಸ್ವತಃ ದುಡಿದವರು. ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದ್ದನ್ನು ಅವರೇ ಹೇಳಿದ್ದು ಬುಖಾರಿಯಲ್ಲಿದೆ. ಖಂದಕದಲ್ಲಿ ಎಲ್ಲರೊಡನೆ ಮಣ್ಣು ಹೊತ್ತರು. ದಾವೂದ್(ಅ) ತಮ್ಮ ಕೈಕೆಲಸದಿಂದ ಉಣ್ಣುತ್ತಿದ್ದರೆಂದೂ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದೂ ಕಲಿಸಿದರು. ಕೆಲಸಗಾರನ ಕೂಲಿಯನ್ನು ಅವನ ಬೆವರು ಆರುವ ಮುನ್ನ ಕೊಡಬೇಕೆಂಬ ಅವರ ಆದೇಶ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕೈಕೆಳಗಿನವರನ್ನು ಸಹೋದರರೆಂದು ಕರೆದು, ಶಕ್ತಿ ಮೀರಿದ ಭಾರ ಹೊರಿಸಬಾರದು, ಹೊರಿಸಿದರೆ ಜೊತೆಗೆ ಕೈಜೋಡಿಸಬೇಕು ಎಂದರು. ಬುಖಾರಿಯ ಇನ್ನೊಂದು ವರದಿ ನಮ್ಮ ಮೈ ನಡುಗಿಸಬೇಕು. ಪುನರುತ್ಥಾನ ದಿನದಂದು ಅಲ್ಲಾಹನೇ ಎದುರಾಳಿಯಾಗಿ ನಿಲ್ಲುವ ಮೂವರಲ್ಲಿ ಒಬ್ಬನು, ಕೂಲಿಯವನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನು.

ಜುಮಾದ ವಿಷಯದಲ್ಲೂ ಇದನ್ನು ನೋಡಬಹುದು. ಕುರ್‌ಆನ್ ಜುಮಾ ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬರಲು ಹೇಳುತ್ತದೆ. ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿ ಅಲ್ಲಾಹನ ಅನುಗ್ರಹವನ್ನು ಅರಸಲು ಹೇಳುತ್ತದೆ. ನಮ್ಮ ಅತ್ಯಂತ ಶ್ರೇಷ್ಠ ದಿನದಲ್ಲೂ ಮಸೀದಿಯ ಬಾಗಿಲು ಕೆಲಸದ ಕಡೆಗೆ ತೆರೆದಿದೆ.

ಹೆಸರಿನಲ್ಲೇ ಕಸುಬು

ಅಬೂಬಕರ್(ರ) ಖಲೀಫರಾದ ಮೇಲೂ ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಉಮರ್(ರ) ಮತ್ತು ಅಬೂ ಉಬೈದಾ(ರ) ತಡೆದು, ಜನರ ಕೆಲಸ ನೋಡಲು ಸಮಯ ಬೇಕೆಂದು ಬೈತುಲ್ ಮಾಲ್‌ನಿಂದ ಸಂಬಳ ಗೊತ್ತು ಮಾಡಿಸಿದರು.

ನಂತರದ ಉಲಮಾಗಳ ಹೆಸರುಗಳನ್ನೇ ನೋಡಿ. ಕಿತಾಬುಗಳಲ್ಲಿ ಓದುವಾಗ ಅವು ನಮಗೆ ಬರೀ ಹೆಸರು. ಅರ್ಥ ಕೇಳಿದರೆ ಪೇಟೆಬೀದಿಯೇ ಕಣ್ಣಮುಂದೆ ಬರುತ್ತದೆ. ವಕ್ಫ್ ಕಾನೂನಿನ ಬಗ್ಗೆ ಬರೆದ ಇಮಾಮ್ ಖಸ್ಸಾಫ್(ರ) ಚಪ್ಪಲಿ ಹೊಲಿದು ಬದುಕಿದವರು. ಜಸ್ಸಾಸ್ ಎಂದರೆ ಗಾರೆ ಕೆಲಸದವರು, ಖುದೂರಿ ಎಂದರೆ ಮಡಕೆ ಪಾತ್ರೆಯವರು. ಇಮಾಮ್ ಅಬೂ ಹನೀಫಾ(ರ) ಕೂಫಾದ ಬಟ್ಟೆ ವ್ಯಾಪಾರಿ. ಶಾಫಿಈ ಮದ್‌ಹಬ್‌ನ ನಾವು ಹೆಮ್ಮೆಯಿಂದ ಹೆಸರು ಹೇಳುವ ಖಫ್ಫಾಲ್ ಮರ್ವಝಿ(ರ) ಬೀಗ ಮಾಡುವ ಕಸುಬಿನವರು. ಸುಮಾರು ಮೂವತ್ತು ವಯಸ್ಸಿನವರೆಗೆ ಬೀಗ ಮಾಡಿ, ಆಮೇಲೆ ಓದಲು ಕೂತು ಮಹಾನ್ ಫಕೀಹರಾದರು. ಕಸುಬಿನ ಹೆಸರನ್ನು ಅವರಾರೂ ಮುಚ್ಚಿಡಲಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಹತ್ತಿ ಹಿಂಜುವ ಕಸುಬಿನಿಂದ ಪಿಂಜಾರ, ನದಾಫ ಎಂದು ಹೆಸರು ಪಡೆದ ನಮ್ಮ ಸಹೋದರರಿದ್ದಾರೆ. ನಿಕಾಹಿನ ಮಾತುಕತೆಯಲ್ಲಿ ಆ ಹೆಸರು ಕೇಳಿ ಮುಖ ತಿರುಗಿಸುವವರು, ತಾವು ಓದುವ ಕಿತಾಬಿನ ರಕ್ಷಾಪುಟದಲ್ಲಿರುವ ಹೆಸರಿನ ಅರ್ಥವನ್ನು ಒಮ್ಮೆ ಕೇಳಿ ನೋಡಲಿ.

ತಡ್ಪೆಯ ಮುಂದೆ ಕೂತವರು

ದುಡಿಮೆ ಎಂದಾಗ ನಮ್ಮ ಕರಾವಳಿಯಲ್ಲಿ ಮೊದಲು ನೆನಪಾಗಬೇಕಾದವರು ಬೀಡಿ ಕಟ್ಟುವ ಹೆಂಗಸರು. ನಮ್ಮ ತಾಯಿಯೂ ಅವರಲ್ಲಿ ಒಬ್ಬರು. ಸುಬಹಿ ನಮಾಝ್ ಆದ ಮೇಲೆ ಎಲೆ ಕತ್ತರಿಸಲು ಕೂತರೆ, ಅಡುಗೆ, ಮಕ್ಕಳ ಕೆಲಸದ ನಡುವೆ ಇಶಾದವರೆಗೂ ತಡ್ಪೆ ಅವರ ಮಡಿಲಲ್ಲೇ ಇರುತ್ತಿತ್ತು. ನಾವು ಮದ್ರಸಕ್ಕೆ ಹೋದದ್ದು, ಆಮೇಲೆ ಬಿಎ ಓದಿದ್ದು ಆ ಹಣದಿಂದ. ಬೀಡಿ ಸೇದಬೇಡಿ ಎಂದು ಮಿಂಬರಿನಿಂದ ಹೇಳುವವರೂ ನಾವೇ. ಅದರ ಕೆಡುಕು ನಿಜ. ಆದರೆ ಬೇರೆ ದಾರಿ ಯಾರೂ ತೋರಿಸದ ಕಾಲದಲ್ಲಿ ಆ ಕೈಗಳು ಹೊತ್ತ ಭಾರವೂ ನಿಜ.

ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕೇಂದ್ರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಅದು ಒಪ್ಪಿಕೊಂಡಿತು. 1968ರಲ್ಲಿ ಕಾಯ್ದೆ ಜಾರಿಗೆ ಬರುವಾಗ, ಮಂಗಳೂರಿನಿಂದ ಕಣ್ಣೂರಿನಲ್ಲಿ ವ್ಯವಹಾರ ನಡೆಸುತ್ತಿದ್ದ ದೊಡ್ಡ ಬೀಡಿ ಮಾಲಕರು ಅಲ್ಲಿನ ಶಾಖೆಗಳನ್ನೇ ಮುಚ್ಚಿದರು. ಸಾವಿರಾರು ಮನೆಗಳ ಒಲೆ ಆರಿತು. ಕೆಲಸ ಕಳೆದುಕೊಂಡವರು 1969ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಅದೇ ಕೇರಳ ದಿನೇಶ್ ಬೀಡಿ. ಆ ಕಡೆಯ ಬೀಡಿ ಶೆಡ್ಡುಗಳಲ್ಲಿ ಒಂದು ಚೆಂದದ ರೂಢಿಯಿತ್ತು. ಒಬ್ಬರು ಪತ್ರಿಕೆ, ಪುಸ್ತಕ ಗಟ್ಟಿಯಾಗಿ ಓದುತ್ತಿದ್ದರು, ಅವರ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು. ಕೂಲಿಯೂ ಉಳಿಯಿತು, ಇಲ್ಮ್ ಕೂಡ ಸಿಕ್ಕಿತು.

ಮನೆಯಲ್ಲೇ ಕೂತು ಕೈಯಿಂದ ದುಡಿದ ಹೆಂಗಸಿನ ಸ್ಥಾನವೇನು ಎಂಬುದನ್ನು ಪ್ರವಾದಿ(ಸ)ರ ಪತ್ನಿ ಝೈನಬ್(ರ) ಅವರ ಜೀವನದಲ್ಲಿ ನೋಡಬೇಕು. ತಮ್ಮ ಪತ್ನಿಯರಲ್ಲಿ ಕೈ ಉದ್ದವಿರುವವರೇ ಮೊದಲು ತಮ್ಮನ್ನು ಸೇರುವರೆಂದು ಪ್ರವಾದಿ(ಸ) ಸೂಚಿಸಿದ್ದರು. ಅವರು ಕೈಗಳನ್ನು ಅಳೆದೂ ನೋಡಿದರು. ಝೈನಬ್(ರ) ಮೊದಲು ತೀರಿಕೊಂಡಾಗ ಮಾತಿನ ಅರ್ಥ ತಿಳಿಯಿತು. ಅವರು ಕೈಯಿಂದ ದುಡಿದು, ಗಳಿಸಿದ್ದನ್ನು ಸದಕಾ ಮಾಡುತ್ತಿದ್ದವರು.

ಒಂದು ನೆನಪು ಇಂದಿಗೂ ಮನಸ್ಸಿನಲ್ಲಿದೆ. ನಮಗೆ ಹತ್ತು ವರ್ಷ. ರಮಝಾನಿನ ಕೊನೆಯ ಶನಿವಾರ. ಬೀಡಿ ಲೆಕ್ಕ ಕೊಟ್ಟು ಹಣ ತರಲು ತಾಯಿಯೊಡನೆ ಹೋಗಿದ್ದೆವು. ಗುತ್ತಿಗೆದಾರರು ತಲೆ ಎತ್ತದೆ, "ಪೆರ್ನಾಲ್ ಆದ ಮೇಲೆ ಬನ್ನಿ" ಎಂದರು. ತಾಯಿ ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ನಮ್ಮ ಕೈ ಹಿಡಿದು ನಡೆದರು. ಆ ವರ್ಷ ಹಬ್ಬಕ್ಕೆ ಹಳೆಯ ಅಂಗಿಯೇ ಆಯಿತು. ಪೆರ್ನಾಲ್ ದಿನ ಆ ಮನುಷ್ಯರು ಮಸೀದಿಯ ಮೊದಲ ಸಫ್‌ನಲ್ಲಿ ನಿಂತಿದ್ದರು. ಅವರಿಗೆ ಅಲ್ಲಾಹನು ಕ್ಷಮೆ ನೀಡಲಿ. ಈಗ ಯೋಚಿಸಿದರೆ, ಅವರಿಗೂ ಕಂಪನಿಯಿಂದ ಹಣ ಬಂದಿರಲಿಲ್ಲವೋ ಏನೋ. ಆದರೆ ಆ ಮಾತನ್ನಾದರೂ ತಲೆ ಎತ್ತಿ ಹೇಳಬಹುದಿತ್ತು.

ಗುಹೆಯಲ್ಲಿ ಸಿಕ್ಕಿಕೊಂಡ ಮೂವರು

ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಒಂದು ಕಥೆ ಎಲ್ಲರಿಗೂ ಪರಿಚಿತ. ಮೂವರು ಗುಹೆಯೊಳಗಿದ್ದಾಗ ಬಂಡೆ ಉರುಳಿ ಬಾಯಿ ಮುಚ್ಚಿತು. ಪ್ರತಿಯೊಬ್ಬರೂ ತಾವು ಅಲ್ಲಾಹನಿಗಾಗಿ ಮಾಡಿದ ಒಂದು ಕೆಲಸ ಹೇಳಿ ದುಆ ಮಾಡಿದರು. ಮೂರನೆಯವನು ಒಬ್ಬ ಮಾಲಕ. ಅವನ ಕೂಲಿಯವನೊಬ್ಬ ಕೂಲಿ ತೆಗೆದುಕೊಳ್ಳದೆ ಹೊರಟುಹೋಗಿದ್ದ. ಅಷ್ಟಿಷ್ಟು ಧಾನ್ಯ, ಅಷ್ಟೇ. ಮಾಲಕ ಅದನ್ನು ಬಿತ್ತಿ ಬೆಳೆಸಿ ದನಕರುಗಳ ಹಿಂಡು ಮಾಡಿದ. ವರ್ಷಗಳ ನಂತರ ಕೂಲಿಯವನು ಬಂದು ತನ್ನ ಕೂಲಿ ಕೇಳಿದಾಗ, ಆ ಹಿಂಡನ್ನೆಲ್ಲ ತೋರಿಸಿ ನಿನ್ನದೇ ಎಂದ. ತಮಾಷೆ ಮಾಡಬೇಡಿ ಎಂದನಂತೆ ಆ ಬಡವ. ಎಲ್ಲವನ್ನೂ ಹೊಡೆದುಕೊಂಡು ಹೋದ. ಆ ದುಆಕ್ಕೆ ಬಂಡೆ ಪೂರ್ತಿ ಸರಿಯಿತು.

ಈ ಕಥೆಯನ್ನು ಅಂದಿನ ಜುಮಾದಲ್ಲಿ ನಾವು ಉತ್ಸಾಹದಿಂದಲೇ ಹೇಳಿದ್ದೆವು. ಹಿರಿಯರು ಪ್ರಶ್ನೆ ಕೇಳಿ ಹೋದ ಮೇಲೆ, ಚಪ್ಪಲಿ ಇಡುವ ಜಾಗದ ಹತ್ತಿರ ಟೈಲ್ಸ್ ಮೇಸ್ತ್ರಿಯೊಬ್ಬರು ಕಾಯುತ್ತ ನಿಂತಿದ್ದರು. ಸಂಕೋಚದಿಂದ, "ಉಸ್ತಾದ್, ತಪ್ಪು ತಿಳೀಬೇಡಿ. ಹೌಝಿನ ಕೆಲಸದ್ದು ಸ್ವಲ್ಪ ಬಾಕಿ ಉಂಟು, ಎರಡು ತಿಂಗಳಾಯ್ತು" ಎಂದರು. ನಮಗೆ ನಿಂತಲ್ಲೇ ನಾಚಿಕೆಯಾಯಿತು. ಆ ಹೌಝಿನಲ್ಲಿ ದಿನಕ್ಕೈದು ಬಾರಿ ವುಝೂ ಮಾಡುವವರು ನಾವು. ಕೆಲಸ ಮುಗಿದ ದಿನ ಅವರಿಗಾಗಿ ದುಆ ಮಾಡಿದ್ದೆವು, ಹಣ ಸಂದಿತೇ ಎಂದು ಕಮಿಟಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅಂದು ಅಸರ್ ಆದ ಮೇಲೆ ಕಮಿಟಿಯವರ ಬಳಿ ಮಾತಾಡಿದೆವು. ಬಿಲ್ಲು ಯಾರ ಕಡೆ ಎಂಬ ಗೊಂದಲದಲ್ಲಿ ಉಳಿದುಹೋಗಿತ್ತಂತೆ. ಮಗ್ರಿಬ್ ಒಳಗೆ ಹಣ ಮೇಸ್ತ್ರಿಯ ಕೈ ಸೇರಿತು.

ಆದ್ದರಿಂದ ಆ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ. ಮೇ ಒಂದನ್ನು ಹಬ್ಬ ಮಾಡಬೇಕಾಗಿಲ್ಲ. ಆದರೆ ವರ್ಷಕ್ಕೊಮ್ಮೆ ಜಗತ್ತು ಕೂಲಿಯವನ ಲೆಕ್ಕ ಕೇಳುವಾಗ ನಾವೂ ನಮ್ಮ ಪುಸ್ತಕ ತೆರೆದು ನೋಡೋಣ. ಅಂಗಡಿಯ ಹುಡುಗ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು, ತೋಟದ ಆಳು, ಮನೆಗೆಲಸದಾಕೆ, ಮದ್ರಸದ ಮುಅಲ್ಲಿಮ್, ಮಸೀದಿಯ ಮುಅದ್ದಿನ್, ಮನೆ ಕಟ್ಟಿಕೊಟ್ಟ ಬಿಹಾರದ ಕಾರ್ಮಿಕ, ಇವರಲ್ಲಿ ಯಾರಿಗಾದರೂ ಬಾಕಿ ಇದೆಯೇ? ಇದ್ದರೆ ಈ ಪತ್ರಿಕೆಯನ್ನು ಇಲ್ಲಿಯೇ ಮಡಚಿಟ್ಟು ಮೊದಲು ಅದನ್ನು ತೀರಿಸಿರಿ. ಗಲ್ಫಿನ ಬಿಸಿಲಿನಲ್ಲಿ ನಮ್ಮ ಮಕ್ಕಳು ತಿಂಗಳ ಸಂಬಳಕ್ಕಾಗಿ ಹೇಗೆ ಕಾಯುತ್ತಾರೋ, ಇಲ್ಲಿ ಇವರ ಮನೆಯಲ್ಲೂ ಯಾರೋ ಹಾಗೆಯೇ ಕಾಯುತ್ತಿರುತ್ತಾರೆ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ನಮ್ಮನ್ನು ದುಡಿದು ಸಾಕಿದ ತಾಯಿತಂದೆಯರ ಕಬರ್‌ಗಳನ್ನು ಬೆಳಗಿಸಲಿ. ಯಾರ ಕೂಲಿಯನ್ನೂ ಕೊರಳಲ್ಲಿ ಕಟ್ಟಿಕೊಂಡು ಅವನ ಮುಂದೆ ನಿಲ್ಲುವ ಗತಿ ನಮಗೆ ಬಾರದಿರಲಿ. ಆಮೀನ್.